ವಿದೇಶದ ಏರ್‌ಶೋಗೆ ಮೊದಲ ಸಲ ಹೊರಟಿದ್ದೀರಾ? ಹೀಗೆ ತಯಾರಾಗಿ

ವಿದೇಶದಲ್ಲಿ ಏರ್‌ಶೋ ನೋಡಬೇಕು ಅನ್ನಿಸಿದ ಕೂಡಲೇ ತುಂಬಾ ಜನ ಮೊದಲು ತೆರೆಯುವುದು ಪ್ರಯಾಣದ ಟಿಕೆಟ್ ಹುಡುಕುವ ಆ್ಯಪ್. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಯಾವ ಶೋ ಅನ್ನುವುದು ಮೊದಲು ತೀರ್ಮಾನವಾಗಲಿ. ಆಮೇಲೆ ಶೋ ಟಿಕೆಟ್ಟು, ಉಳಿಯುವ ಜಾಗ, ವೀಸಾ. ಇವೆಲ್ಲ ಕೈಗೆ ಸಿಕ್ಕುವ ಲಕ್ಷಣ ಕಂಡ ಮೇಲೆ ಪ್ರಯಾಣದ ಟಿಕೆಟ್.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಏರ್‌ಶೋ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ, ಕೆಲವೇ ದಿನ ನಡೆಯುತ್ತದೆ. ಆ ದಿನಗಳಲ್ಲಿ ಮೋಡ ಕೆಳಗಿಳಿದರೆ, ಗಾಳಿ ಜೋರಾದರೆ, ಒಂದು ವಿಮಾನದ ಎಂಜಿನ್ ಕೈಕೊಟ್ಟರೆ ನೀವು ಏನೂ ಮಾಡುವ ಹಾಗಿಲ್ಲ. ನಿಮ್ಮ ಕೈಯಲ್ಲಿರುವುದು ಒಂದೇ, ಶೋ ಸುತ್ತ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳುವುದು. ಖರ್ಚು ಕಡಿಮೆ ಮಾಡಬೇಕಾದರೆ ಹೋಟೆಲಿನಲ್ಲಿ ಮಾಡಿ, ಊರು ಸುತ್ತುವುದರಲ್ಲಿ ಮಾಡಿ, ಈ ದಿನಗಳಲ್ಲಿ ಮಾತ್ರ ಬೇಡ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಮೊದಲ ಹೆಜ್ಜೆ: ನಿಮ್ಮನ್ನು ಒಳಗೆ ಬಿಡುವ ಶೋ ಯಾವುದು?

ಹೆಸರು ಕೇಳಿದ ಕೂಡಲೇ ಹೊರಡಬೇಡಿ. ಏರ್‌ಶೋಗಳಲ್ಲಿ ಎರಡು ಜಾತಿ. ಒಂದು ವ್ಯಾಪಾರದ್ದು, ಅಂದರೆ ವಿಮಾನ ಕಂಪನಿಗಳು, ಸೇನೆಗಳು, ಬಿಡಿಭಾಗ ಮಾರುವವರು ಸೇರುವ ಸಂತೆ. ಇನ್ನೊಂದು ಜನರಿಗಾಗಿಯೇ ನಡೆಯುವುದು. ವ್ಯಾಪಾರದ ದಿನಗಳ ಪಾಸ್ ಬೇಕಾದರೆ ನೀವು ಆ ಉದ್ಯಮದವರು ಅಂತ ತೋರಿಸಬೇಕಾಗುತ್ತದೆ. ಸುಮ್ನೆ ದುಡ್ಡು ಕೊಟ್ಟರೆ ಸಿಗುವುದಿಲ್ಲ.

ಪ್ಯಾರಿಸ್ ಏರ್‌ಶೋ ತಗೊಳ್ಳಿ. 1909ರಲ್ಲಿ ಶುರುವಾದದ್ದು, ಬೆಸ ವರ್ಷಗಳ ಜೂನ್‌ನಲ್ಲಿ ಲೆ ಬೂರ್ಜೆ ವಿಮಾನ ನಿಲ್ದಾಣದಲ್ಲಿ ನಡೆಯುತ್ತದೆ. ಸೋಮವಾರದಿಂದ ಗುರುವಾರದವರೆಗೆ ವ್ಯಾಪಾರ, ಶುಕ್ರವಾರದಿಂದ ಭಾನುವಾರದವರೆಗೆ ಸಾರ್ವಜನಿಕರಿಗೆ. ಇಂಗ್ಲೆಂಡಿನ ಫಾರ್ನ್‌ಬರೋ ಸಮ ವರ್ಷಗಳ ಜುಲೈನಲ್ಲಿ ನಡೆಯುವ ಅಷ್ಟೇ ದೊಡ್ಡ ಶೋ, ಆದರೆ ಅಲ್ಲಿ ಮೊದಲಿದ್ದ ವಾರಾಂತ್ಯದ ಸಾರ್ವಜನಿಕ ಪ್ರದರ್ಶನವನ್ನು ಕೈಬಿಟ್ಟಿದ್ದಾರೆ. ಸಿಂಗಪುರದ್ದು ಸಮ ವರ್ಷಗಳ ಫೆಬ್ರವರಿಯಲ್ಲಿ, ಮೊದಲು ವ್ಯಾಪಾರ, ವಾರಾಂತ್ಯ ಜನರಿಗೆ. ದುಬೈ ಬೆಸ ವರ್ಷಗಳ ನವೆಂಬರ್‌ನಲ್ಲಿ, ಅದು ಹೆಚ್ಚುಕಡಿಮೆ ಪೂರ್ತಿ ವ್ಯಾಪಾರದ್ದೇ. ಆಸ್ಟ್ರೇಲಿಯಾದ ಅವಲಾನ್ ಕೂಡ ಬೆಸ ವರ್ಷಗಳದ್ದು, ಮೆಲ್ಬರ್ನ್‌ನಿಂದ ಜೀಲಾಂಗ್ ಕಡೆಗೆ ಹೋಗುವ ದಾರಿಯಲ್ಲಿ. ಅಲ್ಲೂ ಕೊನೆಯ ದಿನಗಳು ಜನರಿಗೆ.

ಮೊದಲ ಪ್ರಯಾಣಕ್ಕೆ ನನ್ನ ಸಲಹೆ, ಜನರಿಗಾಗಿಯೇ ನಡೆಯುವ ಶೋ ಆರಿಸಿ. ವ್ಯಾಪಾರದ ಶೋನಲ್ಲಿ ಹೊಸ ವಿಮಾನ ಕಾಣಬಹುದು ನಿಜ, ಆದರೆ ಮುಕ್ಕಾಲು ಪಾಲು ಜಾಗ ಮಳಿಗೆಗಳಿಗೆ ಹೋಗಿರುತ್ತದೆ.

ಎರಡನೇ ಹೆಜ್ಜೆ: ನಿಮಗೆ ನಿಜವಾಗಿ ಏನು ಇಷ್ಟ ಅಂತ ಕೇಳಿಕೊಳ್ಳಿ

ಇದು ತಮಾಷೆಯ ಪ್ರಶ್ನೆಯಲ್ಲ. ಜೆಟ್‌ಗಳ ಸದ್ದು ಎದೆಗೆ ಬಡಿಯಬೇಕು ಅನ್ನುವವರಿಗೂ, ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಯುದ್ಧವಿಮಾನ ಹಾರುವುದನ್ನು ನೋಡಬೇಕು ಅನ್ನುವವರಿಗೂ, ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ಪುಟ್ಟ ವಿಮಾನಗಳನ್ನು ಮುಟ್ಟಿ ನೋಡಬೇಕು ಅನ್ನುವವರಿಗೂ ಹೋಗಬೇಕಾದ ಜಾಗ ಬೇರೆ ಬೇರೆ.

ಸೇನಾ ವಿಮಾನಗಳ ಹುಚ್ಚಿದ್ದರೆ ಇಂಗ್ಲೆಂಡಿನ ರಾಯಲ್ ಇಂಟರ್‌ನ್ಯಾಷನಲ್ ಏರ್ ಟ್ಯಾಟೂ. ಎಲ್ಲರೂ ರಿಯಾಟ್ ಅಂತಲೇ ಕರೆಯುವುದು. ಜುಲೈ ಮಧ್ಯದಲ್ಲಿ, ಗ್ಲಾಸ್ಟರ್‌ಶೈರ್‌ನ ಫೇರ್‌ಫೋರ್ಡ್ ವಾಯುನೆಲೆಯಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ. ಬೇರೆ ಬೇರೆ ದೇಶಗಳ ವಾಯುಪಡೆಗಳು ತಮ್ಮ ವಿಮಾನ ಕಳಿಸುತ್ತವೆ. 2003ರಲ್ಲಿ 535 ವಿಮಾನಗಳು ಸೇರಿ ದಾಖಲೆಯಾಗಿತ್ತು. ಈಗ ಅಷ್ಟಿರುವುದಿಲ್ಲ, ಆದರೂ ಒಂದೇ ದಿನ ಇಷ್ಟು ದೇಶಗಳ ಯುದ್ಧವಿಮಾನ ಹಾರುವುದನ್ನು ನೋಡುವ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಹಳೆಯ ವಿಮಾನಗಳಿಗೆ ಡಕ್ಸ್‌ಫರ್ಡ್. ಕೇಂಬ್ರಿಡ್ಜ್ ಹತ್ತಿರದ ಹಳೆಯ ವಾಯುನೆಲೆ, ಈಗ ಅದು ಇಂಪೀರಿಯಲ್ ವಾರ್ ಮ್ಯೂಸಿಯಂನ ಭಾಗ. ಅಕಸ್ಮಾತ್ ಹಾರಾಟ ರದ್ದಾದರೂ ಮ್ಯೂಸಿಯಂ ಅಲ್ಲೇ ಇರುತ್ತದೆ, ಬಂದ ದಾರಿಗೆ ಸುಂಕವಿಲ್ಲ ಅನ್ನುವ ಹಾಗಾಗುವುದಿಲ್ಲ. ಮೊದಲ ಸಲ ಹೋಗುವವರಿಗೆ ಇದು ದೊಡ್ಡ ಧೈರ್ಯ.

ಇನ್ನು ಆಶ್‌ಕಾಶ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಊರು, ಅಲ್ಲಿ ಜುಲೈ ಕೊನೆಯ ಭಾಗದಲ್ಲಿ ಏರ್‌ವೆಂಚರ್ ಅನ್ನುವ ಶೋ ಪೂರ್ತಿ ಏಳು ದಿನ ನಡೆಯುತ್ತದೆ. ಹವ್ಯಾಸಿ ಪೈಲಟ್‌ಗಳೇ ತಮ್ಮ ವಿಮಾನ ಹಾರಿಸಿಕೊಂಡು ಬಂದು, ರೆಕ್ಕೆಯ ಕೆಳಗೆ ಟೆಂಟ್ ಹಾಕಿಕೊಂಡು ಮಲಗುತ್ತಾರೆ. ಆ ವಾರ ಆ ಊರಿಗೂ ಸುತ್ತಲಿನ ನಿಲ್ದಾಣಗಳಿಗೂ 10,000ಕ್ಕೂ ಹೆಚ್ಚು ವಿಮಾನ ಬರುತ್ತವೆ. ಅಲ್ಲಿನ ಕಂಟ್ರೋಲ್ ಟವರ್ ಜಗತ್ತಿನಲ್ಲೇ ಅತಿ ಹೆಚ್ಚು ಗದ್ದಲದ ಟವರ್ ಆಗಿಬಿಡುತ್ತದೆ. ಪೈಲಟ್‌ಗಳು ರೈಲು ಹಳಿ ನೋಡಿಕೊಂಡು ಸಾಲಾಗಿ ಬರುತ್ತಾರೆ. ಫಿಸ್ಕ್ ಅನ್ನುವ ಹಳ್ಳಿಯ ಹತ್ತಿರ ನೆಲದಲ್ಲಿ ಕುಳಿತ ಕಂಟ್ರೋಲರ್‌ಗಳು ವಿಮಾನದ ಬಣ್ಣ ನೋಡಿ ಕರೆಯುತ್ತಾರೆ, ಪೈಲಟ್ ಬಾಯಿಬಿಟ್ಟು ಉತ್ತರ ಕೊಡುವ ಹಾಗಿಲ್ಲ, ರೆಕ್ಕೆ ಅಲ್ಲಾಡಿಸಬೇಕು, ಆಮೇಲೆ ರನ್‌ವೇ ಮೇಲೆ ಬಳಿದ ಬಣ್ಣದ ಚುಕ್ಕೆಗಳಲ್ಲಿ ತನಗೆ ಹೇಳಿದ ಚುಕ್ಕೆಯ ಮೇಲೆ ಇಳಿಯಬೇಕು. ಒಂದೇ ರನ್‌ವೇಯಲ್ಲಿ ಒಂದರ ಹಿಂದೆ ಒಂದು ವಿಮಾನ ಹಾಗೆ ಇಳಿಯುವುದನ್ನು ನೋಡುತ್ತಾ ಒಂದು ಬೆಳಗ್ಗೆ ಪೂರ್ತಿ ಕಳೆಯಬಹುದು, ಬೇಜಾರಾಗುವುದಿಲ್ಲ.

ಏಳು ದಿನ ಇರುವುದರಿಂದ ಹವಾಮಾನದ ಭಯವೂ ಆಶ್‌ಕಾಶ್‌ನಲ್ಲಿ ಕಡಿಮೆ. ಒಂದು ಮಧ್ಯಾಹ್ನ ಗುಡುಗು ಮಳೆಗೆ ಹೋದರೆ ಮರುದಿನ ಇದೆ. ನನ್ನನ್ನು ಕೇಳಿದರೆ, ದೂರ ಮತ್ತು ವೀಸಾ ಅಡ್ಡಿಯಾಗದಿದ್ದರೆ ಮೊದಲ ವಿದೇಶಿ ಏರ್‌ಶೋ ಇದೇ ಆಗಲಿ. ವಿಮಾನಗಳ ಪಕ್ಕದಲ್ಲೇ ನಡೆದಾಡಬಹುದು, ಅದನ್ನು ಕಟ್ಟಿದವರೇ ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ, ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಖರ್ಚು ಕಡಿಮೆ ಇರಲಿ ಅನ್ನುವವರಿಗೆ ಜೆಕ್ ಗಣರಾಜ್ಯದ ಒಸ್ಟ್ರಾವಾದಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ನೇಟೋ ಡೇಸ್ ಇದೆ, ಪ್ರವೇಶ ಉಚಿತ. ಬೆಲ್ಜಿಯಂನ ಸಾನಿಕೋಲ್ ಸಣ್ಣದು, ಅದೂ ಸೆಪ್ಟೆಂಬರ್‌ನಲ್ಲಿ. ಶುಕ್ರವಾರ ಸಂಜೆ ಸೂರ್ಯ ಮುಳುಗುವ ಹೊತ್ತಿನ ಹಾರಾಟಕ್ಕೆ ಫೋಟೋ ತೆಗೆಯುವವರು ಮುಗಿಬೀಳುತ್ತಾರೆ. ಸ್ವಿಟ್ಜರ್ಲೆಂಡಿನ ಆಕ್ಸಾಲ್ಪ್ ಬೆಟ್ಟದಿಂದ ಯುದ್ಧವಿಮಾನಗಳನ್ನು ಕೆಳಗೆ ನೋಡುತ್ತಾ ತೆಗೆದ ಫೋಟೋಗಳನ್ನು ನೀವೂ ನೋಡಿರಬಹುದು. ಅದನ್ನು ಮೊದಲ ಸಲಕ್ಕೆ ಇಟ್ಟುಕೊಳ್ಳಬೇಡಿ. ಸುಮಾರು 2,200 ಮೀಟರ್ ಎತ್ತರಕ್ಕೆ ಚಳಿಯಲ್ಲಿ ಹತ್ತಬೇಕು, ಮಂಜು ಕವಿದರೆ ಎಲ್ಲ ರದ್ದು.

ಮೂರನೇ ಹೆಜ್ಜೆ: ದಿನಾಂಕ ನೋಡಿ, ವಿಮಾನಗಳ ಪಟ್ಟಿಯನ್ನು ಪೂರ್ತಿ ನಂಬಬೇಡಿ

ದಿನಾಂಕವನ್ನು ಶೋನ ಅಧಿಕೃತ ಜಾಲತಾಣದಲ್ಲೇ ನೋಡಿ. ಯಾರೋ ಹಳೆಯ ವರ್ಷದ್ದು ಬರೆದಿಟ್ಟಿರುತ್ತಾರೆ. ಬರುವ ವಿಮಾನಗಳ ಪಟ್ಟಿ ಸ್ವಲ್ಪ ಸ್ವಲ್ಪವಾಗಿ ತಿಂಗಳುಗಟ್ಟಲೆ ಬರುತ್ತಿರುತ್ತದೆ, ಯಾವುದು ಎಷ್ಟು ಗಂಟೆಗೆ ಹಾರುತ್ತದೆ ಅನ್ನುವುದು ಶೋ ಹತ್ತಿರ ಬಂದಾಗ ಮಾತ್ರ ಗೊತ್ತಾಗುತ್ತದೆ. ಪ್ರತಿ ಪಟ್ಟಿಯ ಕೆಳಗೂ ಬದಲಾಗಬಹುದು ಅನ್ನುವ ಸಾಲು ಇರುತ್ತದೆ. ಅದನ್ನು ಅಕ್ಷರಶಃ ತಗೊಳ್ಳಿ. ವಾಯುಪಡೆಗೆ ಬೇರೆ ಕೆಲಸ ಬಂದರೆ ವಿಮಾನ ಬರುವುದಿಲ್ಲ. 2013ರಲ್ಲಿ ಅಮೆರಿಕ ಸರ್ಕಾರ ಖರ್ಚಿಗೆ ಕಡಿವಾಣ ಹಾಕಿದಾಗ ಅಲ್ಲಿನ ವಾಯುಪಡೆಯ ಥಂಡರ್‌ಬರ್ಡ್ಸ್, ನೌಕಾಪಡೆಯ ಬ್ಲೂ ಏಂಜೆಲ್ಸ್ ಎರಡೂ ಕಸರತ್ತಿನ ತಂಡಗಳ ಪ್ರದರ್ಶನಗಳು ನಿಂತುಹೋದವು, ಅವರನ್ನೇ ನಂಬಿದ್ದ ಎಷ್ಟೋ ಶೋಗಳೇ ರದ್ದಾದವು.

ಹಾಗಾಗಿ ಒಂದೇ ಒಂದು ವಿಮಾನಕ್ಕಾಗಿ ಸಮುದ್ರ ದಾಟಬೇಡಿ. ಪಟ್ಟಿಯಲ್ಲಿ ನಿಮ್ಮ ಮೊದಲ ಮೂರು ಇಷ್ಟಗಳನ್ನು ಅಳಿಸಿ ನೋಡಿ. ಆಗಲೂ ಹೋಗಬೇಕು ಅನ್ನಿಸುತ್ತಾ? ಅನ್ನಿಸಿದರೆ ಅದು ಸರಿಯಾದ ಶೋ.

ನಾಲ್ಕನೇ ಹೆಜ್ಜೆ: ಟಿಕೆಟ್, ಆಮೇಲೆ ಹಾಸಿಗೆ

ಗೇಟಿನಲ್ಲಿ ಟಿಕೆಟ್ ತಗೊಂಡರಾಯಿತು ಅಂತ ಹೋಗಬೇಡಿ. ರಿಯಾಟ್ ಟಿಕೆಟ್ ಮುಂಚೆಯೇ ಕೊಳ್ಳಬೇಕು, ಗೇಟಿನಲ್ಲಿ ಮಾರುವುದಿಲ್ಲ. ಸಾಮಾನ್ಯ ಟಿಕೆಟ್, ಕುರ್ಚಿ ಇರುವ ಗ್ಯಾಲರಿ, ಊಟ ಸೇರಿದ ದುಬಾರಿ ಜಾಗ ಅಂತ ಹಲವು ಬಗೆ ಇರುತ್ತದೆ. ಮೊದಲ ಸಲಕ್ಕೆ ಸಾಮಾನ್ಯ ಟಿಕೆಟ್ ಸಾಕು. ಎರಡು ದಿನದ ಸಾಮಾನ್ಯ ಟಿಕೆಟ್ ಒಂದು ದಿನದ ದುಬಾರಿ ಟಿಕೆಟ್‌ಗಿಂತ ಯಾವತ್ತೂ ಮೇಲು. ಒಂದು ದಿನ ಮೋಡ ಬಂದರೂ ಇನ್ನೊಂದು ದಿನ ಉಳಿಯುತ್ತದೆ. ಎರಡೂ ದಿನ ಬಿಸಿಲಿದ್ದರೆ ಮೊದಲ ದಿನ ಕ್ಯಾಮೆರಾ, ಎರಡನೇ ದಿನ ಬರೀ ಕಣ್ಣು.

ಟಿಕೆಟ್ ಕೊಳ್ಳುವ ಮುಂಚೆ ವಾಪಸಾತಿ ನಿಯಮ ಓದಿ. 2008ರಲ್ಲಿ ರಿಯಾಟ್ ಪೂರ್ತಿ ರದ್ದಾಯಿತು. ಕಾರಣ ಏನು ಗೊತ್ತಾ? ಮಳೆಗೆ ಕಾರ್ ನಿಲ್ಲಿಸುವ ಹೊಲಗಳೆಲ್ಲ ಕೆಸರಾಗಿ ಜನರನ್ನು ಒಳಗೆ ಬಿಡುವ ಹಾಗೇ ಇರಲಿಲ್ಲ. ಆಕಾಶ ಮಾತ್ರ ಅಲ್ಲ, ನೆಲವೂ ಶೋ ನಿಲ್ಲಿಸಬಹುದು. 2010ರಲ್ಲಿ ಆಶ್‌ಕಾಶ್‌ನಲ್ಲೂ ಟೆಂಟ್ ಹಾಕುವ ಮೈದಾನಗಳು ನೀರಲ್ಲಿ ನಿಂತಿದ್ದವು. ಶೋ ನಡೆಯಿತು, ಆದರೆ ಬರಬೇಕಾದ ಎಷ್ಟೋ ವಿಮಾನಗಳಿಗೆ ನಿಲ್ಲಲು ಗಟ್ಟಿ ನೆಲ ಇರಲಿಲ್ಲ.

ಉಳಿಯುವ ಜಾಗದ ವಿಷಯ ಇನ್ನೂ ಕಷ್ಟ. ದೊಡ್ಡ ಶೋಗಳು ಬಹುಪಾಲು ಸಣ್ಣ ಊರಿನ ಪಕ್ಕದಲ್ಲಿ ನಡೆಯುತ್ತವೆ. ಇರುವ ಕೆಲವೇ ಹೋಟೆಲುಗಳನ್ನು ಹಳಬರು ಒಂದು ವರ್ಷ ಮುಂಚೆಯೇ ಹಿಡಿದಿರುತ್ತಾರೆ. ಫೇರ್‌ಫೋರ್ಡ್‌ಗೆ ಹೋಗುವುದಾದರೆ ಸ್ವಿಂಡನ್, ಸೈರೆನ್ಸೆಸ್ಟರ್, ಚೆಲ್ಟನ್‌ಹ್ಯಾಮ್ ಕಡೆ ನೋಡಿ. ಕಾರು ಓಡಿಸದವರಿಗೆ ಸ್ವಿಂಡನ್ ಒಳ್ಳೆಯದು. ಲಂಡನ್‌ನ ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಶೋ ದಿನಗಳಲ್ಲಿ ಬಸ್ ಬಿಡುತ್ತಾರೆ, ಅದಕ್ಕೂ ಮುಂಚೆಯೇ ಬುಕ್ ಮಾಡಬೇಕಾಗಬಹುದು, ನೋಡಿಕೊಳ್ಳಿ. ಆಶ್‌ಕಾಶ್‌ನಲ್ಲಿ ಹೋಟೆಲ್ ಸಿಗದಿದ್ದರೆ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ಆಪಲ್ಟನ್, ಫಾಂಡ್ ಡು ಲ್ಯಾಕ್ ಊರುಗಳಿವೆ. ಶೋ ಪಕ್ಕದಲ್ಲೇ ಕ್ಯಾಂಪ್ ಶೋಲರ್ ಅನ್ನುವ ದೊಡ್ಡ ಟೆಂಟ್ ಮೈದಾನವೂ ಇದೆ. ಟೆಂಟ್ ಅಭ್ಯಾಸ ಇರುವವರಿಗೆ ಅದಕ್ಕಿಂತ ಚೆನ್ನಾದ ಜಾಗ ಇಲ್ಲ, ಬೆಳಗ್ಗೆ ಎಬ್ಬಿಸುವುದೇ ವಿಮಾನದ ಸದ್ದು. ಲೆ ಬೂರ್ಜೆಗೆ ಈ ತಾಪತ್ರಯ ಇಲ್ಲ. ಪ್ಯಾರಿಸ್‌ನಲ್ಲೇ ಉಳಿದುಕೊಂಡು ಆರ್‌ಇಆರ್ ಬಿ ಅನ್ನುವ ಉಪನಗರ ರೈಲು ಹತ್ತಿದರಾಯಿತು.

ಹಣ ವಾಪಸ್ ಕೊಡುವ ಬುಕಿಂಗ್ ಸಿಕ್ಕರೆ ಸ್ವಲ್ಪ ಜಾಸ್ತಿಯಾದರೂ ಅದನ್ನೇ ಮಾಡಿ. ವೀಸಾ ಇನ್ನೂ ಬಾಕಿ ಇದೆ ಅಲ್ವಾ.

ಐದನೇ ಹೆಜ್ಜೆ: ವೀಸಾ, ವಿಮೆ

ಜುಲೈ ಶೋಗೆ ಜೂನ್‌ನಲ್ಲಿ ವೀಸಾ ಹುಡುಕುವುದು ಬೇಡ. ಬ್ರಿಟನ್ನಿನ ಪ್ರವಾಸಿ ವೀಸಾಗೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳು ಮುಂಚೆ ಅರ್ಜಿ ಹಾಕಬಹುದು, ಅದಕ್ಕಿಂತ ಮುಂಚೆ ತಗೊಳ್ಳುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೇಪಕ್ಷ 15 ದಿನ ಮುಂಚೆ ಹಾಕಿರಲೇಬೇಕು, ಮತ್ತೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ. ರಿಯಾಟ್ ಮುಗಿಸಿ ಹಾಗೇ ಪ್ಯಾರಿಸ್‌ಗೆ ಹೋಗಿ ಮ್ಯೂಸಿಯಂ ನೋಡೋಣ ಅಂದುಕೊಂಡರೆ ಎರಡು ವೀಸಾ ಬೇಕಾಗಬಹುದು. ಅಮೆರಿಕದ ವೀಸಾಗೆ ಸಂದರ್ಶನದ ದಿನ ಸಿಗುವುದಕ್ಕೇ ಕೆಲವು ಕಡೆ ತಿಂಗಳುಗಟ್ಟಲೆ ಕಾಯಬೇಕು, ಹಾಗಾಗಿ ಆಶ್‌ಕಾಶ್ ಅಂದುಕೊಂಡವರು ಹಿಂದಿನ ವರ್ಷವೇ ಶುರು ಮಾಡಿ.

ಅರ್ಜಿಯಲ್ಲಿ ಏರ್‌ಶೋ ನೋಡಲು ಹೋಗುತ್ತಿದ್ದೇನೆ ಅಂತಲೇ ನೇರವಾಗಿ ಬರೆಯಿರಿ, ಶೋ ಟಿಕೆಟಿನ ಪ್ರತಿ ಜೊತೆಗಿಡಿ. ದಿನಾಂಕ ಇರುವ, ದುಡ್ಡು ಕೊಟ್ಟು ಕೊಂಡಿರುವ ಟಿಕೆಟ್ ನಿಮ್ಮ ಪ್ರಯಾಣಕ್ಕೆ ಒಳ್ಳೆಯ ಪುರಾವೆ.

ಆರನೇ ಹೆಜ್ಜೆ: ದಿನಗಳನ್ನು ಜೋಡಿಸುವುದು

ಶೋ ಶುರುವಾಗುವ ಎರಡು ದಿನ ಮುಂಚೆ ಆ ದೇಶ ತಲುಪಿ. ನಿದ್ದೆ ಸರಿಯಾಗಲು ಒಂದು ದಿನ ಬೇಕು ಅನ್ನುವುದು ಒಂದು ಕಾರಣ. ಲಗೇಜು ತಡವಾದರೆ ಅನ್ನುವುದು ಇನ್ನೊಂದು. ಮೂರನೆಯದೇ ಮುಖ್ಯ. ಶೋಗೆ ಬರುವ ವಿಮಾನಗಳು ಒಂದೆರಡು ದಿನ ಮುಂಚೆಯೇ ಬಂದಿಳಿಯುತ್ತವೆ, ಶೋ ಮುಗಿದ ಮರುದಿನ ಹಾರಿ ಹೋಗುತ್ತವೆ. ಫೇರ್‌ಫೋರ್ಡ್‌ನಲ್ಲಿ ಬುಧವಾರ, ಗುರುವಾರ ಬರುವುದು, ಸೋಮವಾರ ಹೋಗುವುದು. ಇದನ್ನು ನೋಡಲೆಂದೇ ರನ್‌ವೇ ಎರಡೂ ತುದಿಗಳ ಕಡೆ ಜಾಗ ಮಾಡಿ ಟಿಕೆಟ್ ಮಾರುತ್ತಾರೆ. ಶೋ ದಿನ ನೆಲದ ಮೇಲೆ ಸುಮ್ಮನೆ ನಿಂತಿರುವ ವಿಮಾನ ಕೂಡ ಅವತ್ತು ಹಾರಿಕೊಂಡು ಬರುತ್ತದೆ, ಚಕ್ರ ಇಳಿಸಿಕೊಂಡು ತಲೆಯ ಮೇಲೆಯೇ ಹೋಗುತ್ತದೆ. ಜನವೂ ಕಡಿಮೆ. ಶೋಗಿಂತ ಈ ದಿನಗಳೇ ಇಷ್ಟ ಅನ್ನುವವರು ತುಂಬಾ ಜನ ಇದ್ದಾರೆ, ನಾನೂ ಆ ಗುಂಪಿಗೇ ಸೇರಿದವನು. ಯಾವ ವಿಮಾನ ಎಷ್ಟು ಹೊತ್ತಿಗೆ ಬರಬಹುದು ಅಂತ ತಿಳಿಯಲು ಫ್ಲೈಟ್‌ರಾಡಾರ್24, ಎಡಿಎಸ್‌ಬಿ ಎಕ್ಸ್‌ಚೇಂಜ್ ಥರದ ತಾಣಗಳನ್ನು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಎಲ್ಲ ಸೇನಾ ವಿಮಾನವೂ ಕಾಣುವುದಿಲ್ಲ, ಆದರೂ ಸುಮಾರು ಅಂದಾಜು ಸಿಗುತ್ತದೆ.

ಒಂದು ಖಾಲಿ ದಿನ ಉಳಿದರೆ ಮ್ಯೂಸಿಯಂ. ಲೆ ಬೂರ್ಜೆಯ ಮ್ಯೂಸಿಯಂನಲ್ಲಿ ಎರಡು ಕಾಂಕಾರ್ಡ್‌ಗಳಿವೆ, ಅಂದರೆ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನಗಳು. ಜರ್ಮನಿಯ ಜಿನ್ಸ್‌ಹೈಮ್‌ನಲ್ಲಿ ಕಾಂಕಾರ್ಡ್ ಪಕ್ಕದಲ್ಲೇ ಅದರ ರಷ್ಯನ್ ಎದುರಾಳಿ ಟಿಯು-144 ನಿಂತಿದೆ. ಅಮೆರಿಕದ ಡೇಟನ್‌ನಲ್ಲಿರುವ ವಾಯುಪಡೆ ಮ್ಯೂಸಿಯಂಗೆ ಪ್ರವೇಶ ಉಚಿತ.

ಏಳನೇ ಹೆಜ್ಜೆ: ಚೀಲದಲ್ಲಿ ಏನಿರಬೇಕು

ಎಲ್ಲಕ್ಕಿಂತ ಮೊದಲು ಕಿವಿಗೆ ಇಯರ್‌ಪ್ಲಗ್. ಇದರಲ್ಲಿ ಚೌಕಾಸಿ ಬೇಡ. ದಿನಕ್ಕೆ ಎಂಟು ಗಂಟೆ ಕೇಳುವ ಸದ್ದಿಗೆ 85 ಡೆಸಿಬೆಲ್ ಮಿತಿ ಅಂತ ಕೆಲಸದ ಜಾಗಗಳಲ್ಲಿ ಇಟ್ಟುಕೊಳ್ಳುತ್ತಾರೆ. ಎಫ್-35 ಅಥವಾ ಟೈಫೂನ್ ಯುದ್ಧವಿಮಾನ ಆಫ್ಟರ್‌ಬರ್ನರ್ ಹಾಕಿ, ಅಂದರೆ ಎಂಜಿನ್ನಿನ ಹಿಂದೆ ಹೆಚ್ಚುವರಿ ಇಂಧನ ಉರಿಸಿ ಮೇಲೇಳುವಾಗ ಅದನ್ನು ಎಷ್ಟೋ ದಾಟಿರುತ್ತದೆ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು, ಅವರ ಕಿವಿಗೆ ಪ್ಲಗ್ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಹೋದ ಮೇಲೆ ಕೊಳ್ಳೋಣ ಅನ್ನಬೇಡಿ.

ಟೋಪಿ, ಸನ್‌ಸ್ಕ್ರೀನ್, ತೆಳುವಾದ ಮಳೆ ಕೋಟು, ಮೂರೂ ಇರಲಿ. ರನ್‌ವೇ ಪಕ್ಕದಲ್ಲಿ ಮರ ಇರುವುದಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಆಕಾಶ ನೋಡುತ್ತಾ ನಿಂತವರ ಗಂಟಲಿನ ಕೆಳಗೆ ಸುಟ್ಟಿರುತ್ತದೆ, ಅಲ್ಲಿಗೆ ಹಚ್ಚಿಕೊಳ್ಳುವುದನ್ನು ಎಲ್ಲರೂ ಮರೆಯುತ್ತಾರೆ. ಪಳಗಿದ ಶೂ ಹಾಕಿಕೊಳ್ಳಿ, ಹೊಸದು ಬೇಡ. ಮಡಚುವ ಸ್ಟೂಲ್ ಬಿಡುತ್ತಾರೋ ಇಲ್ಲವೋ ಆ ಶೋನ ನಿಯಮದಲ್ಲಿ ನೋಡಿ. ಸೇನಾ ನೆಲೆಗಳಲ್ಲಿ ಚೀಲದ ಅಳತೆ, ಗಾಜಿನ ಬಾಟಲಿ, ಐಸ್ ಪೆಟ್ಟಿಗೆ ಎಲ್ಲದಕ್ಕೂ ನಿಯಮ ಇರಬಹುದು. ಡ್ರೋನ್ ಅಂತೂ ಮನೆಯಲ್ಲೇ ಬಿಡಿ.

ಪವರ್ ಬ್ಯಾಂಕ್ ಇಲ್ಲದೆ ಹೋಗಬೇಡಿ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಇಡಬೇಕು, ಸಾಮಾನ್ಯವಾಗಿ 100 ವ್ಯಾಟ್-ಅವರ್ ವರೆಗೆ, ಅಂದರೆ ಸುಮಾರು 27,000 ಎಂಎಎಚ್ ವರೆಗೆ ಬಿಡುತ್ತಾರೆ. ಶೋ ಟಿಕೆಟ್, ಬಸ್ ಟಿಕೆಟ್, ನಕ್ಷೆ ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಷ್ಟು ಜನ ಒಂದೇ ಜಾಗದಲ್ಲಿ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಮಲಗಿಬಿಡುತ್ತದೆ. ಜೊತೆಯಲ್ಲಿ ಬಂದವರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಒಳಗೆ ಹೋಗುವಾಗಲೇ ಮಾತಾಡಿಕೊಳ್ಳಿ.

ಎಂಟನೇ ಹೆಜ್ಜೆ: ಕ್ಯಾಮೆರಾ ತರುವವರಿಗೆ

ವಿಮಾನಗಳು ಅಂದುಕೊಂಡದ್ದಕ್ಕಿಂತ ದೂರ ಹಾರುತ್ತವೆ. ಅದಕ್ಕೆ ಕಾರಣವಿದೆ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿ ವಾಯುಪಡೆಯ ಫ್ರೆಚ್ಚೆ ತ್ರಿಕೊಲೋರಿ ಅನ್ನುವ ಕಸರತ್ತಿನ ತಂಡದ ಮೂರು ವಿಮಾನಗಳು ಡಿಕ್ಕಿಯಾಗಿ, ಒಂದು ಜನರ ಮೇಲೆ ಬಿತ್ತು. 70 ಜನ ಸತ್ತರು. ಆಮೇಲೆ ಜನರ ಕಡೆಗೆ ಮುಖ ಮಾಡಿ ಹಾರುವುದನ್ನು ಹಲವು ದೇಶಗಳಲ್ಲಿ ನಿಲ್ಲಿಸಿದರು, ದೂರವನ್ನೂ ಹೆಚ್ಚಿಸಿದರು. ಅಮೆರಿಕದಲ್ಲಿ ವೇಗದ ಜೆಟ್‌ಗಳು ಕಸರತ್ತು ಮಾಡುವಾಗ ಜನರಿಂದ 1,500 ಅಡಿ, ಅಂದರೆ ಸುಮಾರು 450 ಮೀಟರ್ ದೂರ ಇರಬೇಕು. 400 ಮಿ.ಮೀ. ಲೆನ್ಸ್ ಇಲ್ಲದೆ ಜೆಟ್ ಚುಕ್ಕೆಯಾಗಿಯೇ ಉಳಿಯುತ್ತದೆ. 100-400 ಅಥವಾ 150-600 ಜೂಮ್ ಒಳ್ಳೆಯದು, ಕೊಳ್ಳುವ ಬದಲು ಬಾಡಿಗೆಗೆ ತಗೊಂಡರೂ ಸಾಕು.

ಜೆಟ್‌ಗೆ ಶಟರ್ 1/1000 ಸೆಕೆಂಡ್ ಅಥವಾ ಇನ್ನೂ ವೇಗ. ಪ್ರೊಪೆಲ್ಲರ್ ವಿಮಾನಕ್ಕೆ ಹಾಗೆ ಇಟ್ಟರೆ ಪ್ರೊಪೆಲ್ಲರ್ ನಿಂತ ಹಾಗೆ ಕಾಣುತ್ತದೆ, ಎಂಜಿನ್ ಕೆಟ್ಟು ಬೀಳುತ್ತಿದೆಯೇನೋ ಅನ್ನುವ ಹಾಗೆ. ಅದಕ್ಕೆ 1/250 ಅಥವಾ 1/125ಕ್ಕೆ ಇಳಿಸಿ, ವಿಮಾನದ ಜೊತೆಗೇ ಸೊಂಟದಿಂದ ಮೇಲಿನ ಮೈ ತಿರುಗಿಸುತ್ತಾ ತೆಗೆಯಬೇಕು. ಬರೀ ಕೈ ತಿರುಗಿಸಿದರೆ ಬರುವುದಿಲ್ಲ. ಇದನ್ನು ಹೊರಡುವ ಮುಂಚೆ ರಸ್ತೆಯಲ್ಲಿ ಹೋಗುವ ವಾಹನಗಳ ಮೇಲೆ ಅಭ್ಯಾಸ ಮಾಡಿ. ಬೂದು ಮೋಡದ ಎದುರು ವಿಮಾನ ಕಪ್ಪಾಗಿ ಬರುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಪ್ಲಸ್ ಕಡೆ ಏರಿಸಿ. ಮಧ್ಯಾಹ್ನ ರನ್‌ವೇ ಮೇಲಿನ ಬಿಸಿ ಗಾಳಿ ಕುಣಿಯುವಾಗ ದೂರದ ವಿಮಾನ ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಲುಗಿದ ಹಾಗೇ ಬರುತ್ತದೆ. ಆಗ ಕ್ಯಾಮೆರಾ ಕೆಳಗಿಡಿ.

ಜನ ನಿಲ್ಲುವ ಕಡೆಗೆ ಸೂರ್ಯ ಯಾವ ದಿಕ್ಕಿನಿಂದ ಬರುತ್ತಾನೆ ಅಂತ ನಕ್ಷೆಯಲ್ಲಿ ಮುಂಚೆ ನೋಡಿ. ಆಶ್‌ಕಾಶ್‌ನಲ್ಲಿ ಜನ ರನ್‌ವೇಯ ಪಶ್ಚಿಮಕ್ಕೆ ಪೂರ್ವ ನೋಡುತ್ತಾ ಕೂರುತ್ತಾರೆ. ಮಧ್ಯಾಹ್ನದ ಶೋ ಹೊತ್ತಿಗೆ ಸೂರ್ಯ ಬೆನ್ನ ಹಿಂದೆ ಬಂದಿರುತ್ತಾನೆ, ಅದಕ್ಕೇ ಅಲ್ಲಿನ ಫೋಟೋಗಳಲ್ಲಿ ಬಣ್ಣ ಅಷ್ಟು ಚೆನ್ನಾಗಿರುವುದು.

ಒಂಬತ್ತನೇ ಹೆಜ್ಜೆ: ಕಾನೂನಿನ ಮಿತಿ ತಿಳಿದುಕೊಳ್ಳಿ

ಪೈಲಟ್ ಮತ್ತು ಟವರ್ ಮಾತು ಕೇಳಲು ಕೆಲವರು ಸಣ್ಣ ರೇಡಿಯೋ ಸ್ಕ್ಯಾನರ್ ತರುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಬ್ರಿಟನ್‌ನಲ್ಲಿ ಸ್ಕ್ಯಾನರ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನಮಗಲ್ಲದ ಮಾತನ್ನು ಅದರಲ್ಲಿ ಕೇಳುವುದು ಕಾನೂನಿನ ಪ್ರಕಾರ ತಪ್ಪು. ಹೋಗುವ ದೇಶದ ನಿಯಮ ನೋಡದೆ ಅದನ್ನು ಒಯ್ಯಬೇಡಿ.

ಇನ್ನು ಫೋಟೋ. ಶೋ ನಡೆಯುವಾಗ ಒಳಗೆ ಫೋಟೋ ತೆಗೆಯಲು ಬಿಟ್ಟರು ಅಂದ ಮಾತ್ರಕ್ಕೆ ಆ ದೇಶದ ಎಲ್ಲ ಸೇನಾ ನೆಲೆಯ ಬೇಲಿ ಪಕ್ಕದಲ್ಲೂ ನಿಲ್ಲಬಹುದು ಅಂತಲ್ಲ. 2001ರ ನವೆಂಬರ್‌ನಲ್ಲಿ ಗ್ರೀಸ್‌ನ ಕಲಮಾಟಾದಲ್ಲಿ ವಾಯುನೆಲೆ ನೋಡಲು ಹೋಗಿದ್ದ ವಿಮಾನಪ್ರಿಯರು, 12 ಬ್ರಿಟಿಷರು ಮತ್ತು ಇಬ್ಬರು ಡಚ್ಚರು, ಬೇಹುಗಾರಿಕೆ ಆರೋಪದ ಮೇಲೆ ಬಂಧನವಾದರು. ಮರುವರ್ಷ ಶಿಕ್ಷೆಯೂ ಆಯಿತು, ಮೇಲ್ಮನವಿಯಲ್ಲಿ ಆರೋಪದಿಂದ ಖುಲಾಸೆಯಾಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ವಿಮಾನಗಳ ನಂಬರ್ ಬರೆದುಕೊಳ್ಳುವ ಹವ್ಯಾಸ ಎಲ್ಲ ದೇಶದ ಪೊಲೀಸರಿಗೂ ಅರ್ಥವಾಗುವುದಿಲ್ಲ. ಹೇಳಿದ ಜಾಗದಲ್ಲಿ ಮಾತ್ರ ನಿಂತು ತೆಗೆಯಿರಿ, ಬೇಡ ಅಂದರೆ ವಾದ ಮಾಡದೆ ಕ್ಯಾಮೆರಾ ಚೀಲಕ್ಕೆ ಹಾಕಿ.

ಹೊರಗಿನ ರಸ್ತೆಯಲ್ಲಿ ನಿಂತು ಪುಕ್ಕಟೆ ನೋಡುವುದೂ ಬೇಡ. 2015ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಳೆಯ ಹಂಟರ್ ಜೆಟ್ ಬಿದ್ದಾಗ ಸತ್ತ 11 ಜನರೂ ಆವರಣದ ಹೊರಗೆ, ರಸ್ತೆಯಲ್ಲಿದ್ದವರು. ವಿಮಾನ ತಿರುಗುವ ಜಾಗ ಬಹಳ ಸಲ ಹೊರಗಿನ ರಸ್ತೆಗಳ ಮೇಲೇ ಇರುತ್ತದೆ.

ಶೋ ದಿನ

ಗೇಟು ತೆರೆಯುವ ಮುಂಚೆ ಅಲ್ಲಿರಿ. ಬೆಳಗಿನ ಮೊದಲ ಒಂದೆರಡು ಗಂಟೆ ನೆಲದ ಮೇಲೆ ನಿಲ್ಲಿಸಿದ ವಿಮಾನಗಳನ್ನು ನೋಡುವುದಕ್ಕೆ ಇಟ್ಟುಕೊಳ್ಳಿ. ಬೆಳಕು ಚೆನ್ನಾಗಿರುತ್ತದೆ, ಜನ ಇನ್ನೂ ಬಂದಿರುವುದಿಲ್ಲ, ಪಕ್ಕದಲ್ಲಿ ನಿಂತ ಪೈಲಟ್, ತಂತ್ರಜ್ಞರು ಮಾತಾಡಲು ಪುರುಸೊತ್ತಾಗಿರುತ್ತಾರೆ. ಹಾರಾಟ ಶುರುವಾದ ಮೇಲೆ ಒಂದು ಜಾಗ ಹಿಡಿದು ಅಲ್ಲೇ ಇರಿ. ರನ್‌ವೇ ಮಧ್ಯಭಾಗದ ಎದುರು ಕೂತರೆ ಕಸರತ್ತು ಚೆನ್ನಾಗಿ ಕಾಣುತ್ತದೆ. ತುದಿಗೆ ಹೋದರೆ ಮೇಲೇಳುವ, ಇಳಿಯುವ ವಿಮಾನ ಹತ್ತಿರದಿಂದ ಸಿಗುತ್ತದೆ. ಎರಡು ದಿನದ ಟಿಕೆಟ್ ಇದ್ದರೆ ಒಂದೊಂದು ದಿನ ಒಂದೊಂದು ಕಡೆ.

ಮೋಡ ಕೆಳಗಿದ್ದರೂ ಬೇಗ ಬೇಸರ ಮಾಡಿಕೊಳ್ಳಬೇಡಿ. ಬ್ರಿಟನ್ ವಾಯುಪಡೆಯ ರೆಡ್ ಆ್ಯರೋಸ್ ಥರದ ಕಸರತ್ತಿನ ತಂಡಗಳು ಮೋಡದ ಎತ್ತರಕ್ಕೆ ತಕ್ಕ ಹಾಗೆ ಬೇರೆ ಬೇರೆ ಪ್ರದರ್ಶನ ಇಟ್ಟುಕೊಂಡಿರುತ್ತವೆ. ಆಕಾಶ ತೆರೆದಿದ್ದರೆ ಮೇಲೇರಿ ಸುತ್ತು ಹಾಕುವ ದೊಡ್ಡ ಲೂಪ್‌ಗಳು, ಮೋಡ ಸ್ವಲ್ಪ ಇಳಿದರೆ ಮುಂದೆ ಹೋಗುತ್ತಲೇ ಮಗುಚಿ ಏಳುವ ರೋಲ್‌ಗಳು, ತೀರಾ ಕೆಳಗಿದ್ದರೆ ಮಟ್ಟಸವಾಗಿ ತಿರುಗುವ ಹಾರಾಟ. ತೇವ ಇರುವ ಗಾಳಿಯಲ್ಲಿ ಜೆಟ್ ಜೋರಾಗಿ ತಿರುಗಿದಾಗ ರೆಕ್ಕೆಗಳ ಮೇಲೆ ಬಿಳಿ ಆವಿ ಭುಗ್ಗನೆ ಏಳುತ್ತದೆ. ಬಿಸಿಲಿನ ಒಣ ದಿನದಲ್ಲಿ ಅದು ಅಷ್ಟಾಗಿ ಕಾಣಸಿಗುವುದಿಲ್ಲ.

ನೀರು ಕುಡಿಯುತ್ತಿರಿ. ಊಟದ ಸಾಲು ಮಧ್ಯಾಹ್ನ ಉದ್ದವಾಗುವ ಮುಂಚೆಯೇ ತಿಂದು ಮುಗಿಸಿ.

ಶೋ ಮುಗಿದ ಮೇಲೆ

ಕೊನೆಯ ವಿಮಾನ ಇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಕಾರಿನಲ್ಲಿ ಬಂದವರು ಮೈದಾನದಿಂದ ರಸ್ತೆ ಸೇರುವುದಕ್ಕೇ ಗಂಟೆಗಟ್ಟಲೆ ಆಗಬಹುದು. ಒಳಗೆ ಇರಲು ಬಿಟ್ಟಷ್ಟು ಹೊತ್ತು ಅಲ್ಲೇ ಇರಿ, ನಿಂತ ವಿಮಾನಗಳನ್ನು ಸಂಜೆ ಬೆಳಕಿನಲ್ಲಿ ಇನ್ನೊಂದು ಸುತ್ತು ನೋಡಿ. ಬಸ್ಸಿನಲ್ಲಿ ಬಂದವರು ಕೊನೆಯ ಬಸ್ ಎಷ್ಟಕ್ಕೆ ಅಂತ ಬೆಳಗ್ಗೆ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಅವತ್ತು ರಾತ್ರಿಗೆ ಊರಿಗೆ ಮರಳುವ ವಿಮಾನ ಇಟ್ಟುಕೊಳ್ಳಲೇಬೇಡಿ, ಟ್ರಾಫಿಕ್ ನಿಮ್ಮ ಲೆಕ್ಕ ಕೇಳುವುದಿಲ್ಲ. ಕಾರ್ಡಿನಲ್ಲಿರುವ ಫೋಟೋಗಳನ್ನು ಆ ರಾತ್ರಿಯೇ ಇನ್ನೊಂದು ಕಡೆಗೆ ಕಾಪಿ ಮಾಡಿ.

ವಿಮಾನಗಳು ಮರುದಿನ ಹಾರಿ ಹೋಗುವುದನ್ನು ನೋಡುವ ಟಿಕೆಟ್ ಸಿಕ್ಕರೆ ಅದನ್ನು ಮುಗಿಸಿಕೊಂಡು, ಅದರ ಮರುದಿನದ ವಾಪಸ್ ಪ್ರಯಾಣಕ್ಕೆ ಈಗ ಟಿಕೆಟ್ ಬುಕ್ ಮಾಡಿ.